ಹಂಪಿಯಲ್ಲಿ ಫೋಟೊ: ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ?

ದಾವಣಗೆರೆ_ದಾರಿಹೋಕ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಮನೆಯವರ ಜೊತೆ ಹಂಪಿಗೆ ಹೊರಟಿದ್ದೇನೆ. ಎರಡು ರಾತ್ರಿ ಅಲ್ಲೇ ಉಳಿಯುತ್ತೇವೆ. ಸಾಧ್ಯವಾದರೆ ಆಮೇಲೆ ಬಾದಾಮಿ. ನನ್ನ ಹತ್ತಿರ ಕ್ಯಾಮೆರಾ ಇದೆ, 18-55 (ಅಗಲ ನೋಟಕ್ಕೆ) ಮತ್ತು 55-250 (ದೂರದ್ದನ್ನು ಹತ್ತಿರ ತರಲು) ಲೆನ್ಸ್ ಇವೆ. ಹೆಂಡತಿ ಕೈಯಲ್ಲಿ ಒಳ್ಳೆಯ ಮೊಬೈಲ್ ಇದೆ.

ಹಂಪಿ ಅಂತ ಹುಡುಕಿದರೆ ಸಿಗುವ ಫೋಟೊಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ. ಕಲ್ಲಿನ ರಥ, ಅದರ ಮುಂದೆ ಯಾರೋ ಒಬ್ಬರು. ವಿರೂಪಾಕ್ಷ ಗೋಪುರ, ಬುಡದಲ್ಲಿ ನಿಂತು ಮೇಲಕ್ಕೆ. ಕಮಲ ಮಹಲ್, ನೇರ ಎದುರಿನಿಂದ. ಅವನ್ನೇ ಮತ್ತೆ ತೆಗೆದುಕೊಂಡು ಬರಲು ಇಷ್ಟವಿಲ್ಲ. ನೋಡಿದವರು ಒಂದು ಕ್ಷಣ ನಿಂತು ನೋಡಬೇಕು, ಅಂಥ ಒಂದೆರಡು ಚಿತ್ರ ಸಿಕ್ಕರೂ ಸಾಕು. ಕ್ಯಾಮೆರಾ ಸೆಟ್ಟಿಂಗ್ ಕೇಳುತ್ತಿಲ್ಲ. ಎಲ್ಲಿ ನಿಲ್ಲಬೇಕು, ಏನನ್ನು ಹುಡುಕಬೇಕು, ಚೌಕಟ್ಟಿನೊಳಗೆ ಏನು ಬರಬೇಕು, ಏನು ಬರಬಾರದು? ಇದನ್ನು ನೀವೆಲ್ಲ ಹೇಗೆ ಕಲಿತಿರಿ?

ಕಲ್ಲುಬೆಳಕು

ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಹಂಪಿ ಅಂದರೆ ನನಗೆ ಅಷ್ಟು ಇಷ್ಟ.

ನೋಡಬೇಕಾದ ಜಾಗಗಳ ಪಟ್ಟಿ ಮಾಡಬೇಡಿ. ಯಾವ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಪಟ್ಟಿ ಮಾಡಿ. ಹಂಪಿಯಲ್ಲಿ ಪ್ರತಿ ಕಲ್ಲಿಗೂ ಅದರದೇ ಹೊತ್ತು ಇದೆ. ಆ ಹೊತ್ತಿಗೆ ನೀವು ಅಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಎಷ್ಟೇ ದುಬಾರಿ ಕ್ಯಾಮೆರಾ ಇದ್ದರೂ ಬೂದಿ ಬಣ್ಣದ ಕಲ್ಲು ಮಾತ್ರ ಸಿಗುತ್ತದೆ.

ಗಜಶಾಲೆಯನ್ನೇ ತಗೊಳ್ಳಿ. ಸಾಲಾಗಿ ಹನ್ನೊಂದು ಕೋಣೆ, ಮೇಲೆ ಬೇರೆ ಬೇರೆ ಆಕಾರದ ಗುಮ್ಮಟಗಳು. ಅದರ ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಹೋದರೆ ಇಡೀ ಮುಂಭಾಗ ನೆರಳಲ್ಲಿ, ಹಿಂದೆ ಬೆಳ್ಳಗೆ ಕಣ್ಣು ಕುಕ್ಕುವ ಆಕಾಶ. ಆದರೆ ಪ್ರವಾಸದ ಬಸ್ಸುಗಳು ಜಾಸ್ತಿ ಬರುವುದು ಬೆಳಿಗ್ಗೆಯೇ. ಸಂಜೆ ನಾಲ್ಕೂವರೆ ಮೇಲೆ ಹೋಗಿ ನೋಡಿ. ಬಿಸಿಲು ನೇರ ಗೋಡೆಗೆ ಬಡಿಯುತ್ತದೆ, ಒಂದೊಂದು ಬಾಗಿಲೂ ಕಪ್ಪಗೆ ಆಳವಾಗಿ ಕಾಣುತ್ತದೆ, ಗುಮ್ಮಟಗಳ ಗಾರೆ ಜೇನುಬಣ್ಣಕ್ಕೆ ತಿರುಗುತ್ತದೆ. ಕಟ್ಟಡ ಅದೇ, ಚಿತ್ರ ಮಾತ್ರ ಬೇರೆಯೇ.

ವಿರೂಪಾಕ್ಷದ ದೊಡ್ಡ ಗೋಪುರದ್ದು ಇದಕ್ಕೆ ತಿರುವುಮುರುವು. ಒಂಬತ್ತು ಅಂತಸ್ತು, ಸುಮಾರು 50 ಮೀಟರ್ ಎತ್ತರ, ಮುಖ ಪೂರ್ವಕ್ಕೆ. ಸೂರ್ಯ ಹುಟ್ಟಿದ ಕೂಡಲೇ ಮೊದಲ ಬೆಳಕು ಅದರ ತುದಿಗೆ ಬೀಳುತ್ತದೆ. ಮಾತಂಗ ಬೆಟ್ಟದ ಮೇಲೆ ನೂರು ಜನ ಸೂರ್ಯೋದಯಕ್ಕೆ ಕಾಯುತ್ತಿರುತ್ತಾರೆ, ಎಲ್ಲರ ಕ್ಯಾಮೆರಾನೂ ಸೂರ್ಯನ ಕಡೆ. ನೀವು ಸೂರ್ಯನಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ತಿರುಗಿ. ಕೆಳಗೆ ಹಂಪಿ ಬಜಾರಿನ ನೇರ ಬೀದಿ, ಅದರ ತುದಿಗೆ ಗೋಪುರ, ಪಕ್ಕದಲ್ಲಿ ನದಿ, ಬಾಳೆ ತೋಟ. ಆ ಬೆಳಕಲ್ಲಿ ಗೋಪುರ ಒಂದೇ ಹೊಳೆಯುತ್ತದೆ, ಸುತ್ತ ಎಲ್ಲ ಇನ್ನೂ ನೀಲಿ ನೆರಳು. ನಿಮ್ಮ 55-250 ಲೆನ್ಸ್ ಬೇಕಾಗುವುದು ಅಲ್ಲೇ. ದೂರದಿಂದ ಜೂಮ್ ಮಾಡಿದಾಗ ಗೋಪುರ, ಹಿಂದಿನ ಬಂಡೆಗುಡ್ಡ, ತೋಟ ಎಲ್ಲ ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ಅಗಲ ಲೆನ್ಸಲ್ಲಿ ಅದೇ ನೋಟ ಚದುರಿ ಚಿಕ್ಕದಾಗಿಬಿಡುತ್ತದೆ.

ಅಚ್ಯುತರಾಯ ದೇವಸ್ಥಾನದ ಮುಖ ಉತ್ತರಕ್ಕೆ. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮುಂಭಾಗಕ್ಕೆ ಬಿಸಿಲೇ ಬೀಳುವುದಿಲ್ಲ. ಅದಕ್ಕೇ ಅದನ್ನು ಕೆಳಗೆ ಎದುರಿಗೆ ನಿಂತು ತೆಗೆಯುವ ಗೋಜಿಗೆ ಹೋಗಬೇಡಿ. ಮಾತಂಗದ ಮೇಲಿಂದ ನೋಡಿದರೆ ಪ್ರಾಕಾರ, ಮಂಟಪ, ಅದರಾಚೆ ಬಜಾರಿನ ಉದ್ದ ಕಂಬಸಾಲು ಎಲ್ಲ ನಕಾಶೆ ಬಿಡಿಸಿದ ಹಾಗೆ ಕಾಣುತ್ತದೆ.

ಮೊಬೈಲ್‌ಕಣ್ಣು

ಮೇಲಿನವರು ಹೇಳಿದ್ದು ಮೊಬೈಲಿಗೂ ಅಷ್ಟೇ ಸತ್ಯ. ನಾನು ಫೋನಲ್ಲಿ ಮಾತ್ರ ತೆಗೆಯುತ್ತೇನೆ. ನಿಮ್ಮ ಮನೆಯವರಿಗೆ ಒಂದಿಷ್ಟು ಮಾತು.

ಗೋಪುರವನ್ನು ಬುಡದಲ್ಲಿ ನಿಂತು ಫೋನಿನ 0.5ರಲ್ಲಿ, ಅಂದರೆ ಅತಿ ಅಗಲದ ನೋಟದಲ್ಲಿ, ತೆಗೆದರೆ ಅದು ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಫೋನ್ ಮೇಲಕ್ಕೆ ವಾಲಿಸಿದ್ದೇ ಅದಕ್ಕೆ ಕಾರಣ. ಬಜಾರಿನಲ್ಲಿ ಎದುರು ಬಸವಣ್ಣನ (ಬೀದಿಯ ಇನ್ನೊಂದು ತುದಿಯ ದೊಡ್ಡ ನಂದಿ) ಕಡೆಗೆ ಹಿಂದೆ ಹಿಂದೆ ನಡೆದು ಹೋಗಿ. ಫೋನ್ ನೆಟ್ಟಗೆ ಹಿಡಿದು 2 ಅಥವಾ 3ಕ್ಕೆ ಜೂಮ್ ಮಾಡಿ. ಗೋಪುರ ನೆಟ್ಟಗೆ ನಿಲ್ಲುತ್ತದೆ, ಎರಡೂ ಕಡೆ ಸಾಲುಮಂಟಪ ಚೌಕಟ್ಟಿಗೆ ಬರುತ್ತದೆ.

ಇನ್ನೊಂದು. ಫೋನಿಗೆ ನೆರಳು ಅಂದರೆ ಆಗುವುದಿಲ್ಲ. ಎಲ್ಲ ಮೂಲೆಗೂ ಬೆಳಕು ತುಂಬಿಬಿಡುತ್ತದೆ. ಹಂಪಿಯ ಚೆಲುವು ಇರುವುದೇ ನೆರಳಲ್ಲಿ. ಹೊಳೆಯುವ ಭಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ, ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಪರದೆಯ ಮೇಲೆ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ, ಬೆಳಕು ಕಡಿಮೆಯಾಗುತ್ತದೆ. ಕಪ್ಪು ಕಪ್ಪಾಗಿಯೇ ಉಳಿಯಲಿ. ಲೆನ್ಸನ್ನು ಬಟ್ಟೆಯಲ್ಲಿ ಒರೆಸುವುದು ಮರೆಯಬೇಡಿ, ಹಂಪಿಯ ಧೂಳು ಗೊತ್ತಲ್ವಾ.

ಧಾರವಾಡ_ಪೇಠೆ

ಕಲ್ಲುಬೆಳಕು ಅವರೇ, ಉಬ್ಬುಶಿಲ್ಪಗಳ ಬಗ್ಗೆಯೂ ಸ್ವಲ್ಪ ಹೇಳ್ರಿ. ಹಜಾರ ರಾಮ ಗುಡಿ, ಮಹಾನವಮಿ ದಿಬ್ಬದಲ್ಲಿ ತೆಗೆದದ್ದು ನನಗೆ ಯಾವಾಗಲೂ ಚಪ್ಪಟೆಯಾಗಿ ಬರುತ್ತವೆ. ಕಣ್ಣಿಗೆ ಎಷ್ಟು ಚಂದ ಕಾಣುತ್ತವೆ, ಫೋಟೊದಲ್ಲಿ ಆ ಜೀವನೇ ಇರುವುದಿಲ್ಲ.

ಕಲ್ಲುಬೆಳಕು

ಬೆಳಕು ಎದುರಿನಿಂದ ಬಿದ್ದರೆ ಕೆತ್ತನೆ ಚಪ್ಪಟೆ. ಗೋಡೆಯನ್ನು ಸವರಿಕೊಂಡು ಹೋಗಬೇಕು ಬೆಳಕು. ಆಗ ಒಂದು ಬೆರಳಿನಷ್ಟು ಉಬ್ಬಿದ ಕುದುರೆಗೂ ಉದ್ದ ನೆರಳು ಬೀಳುತ್ತದೆ.

ಲೆಕ್ಕ ಸುಲಭ ಇದೆ. ಪೂರ್ವದ ಗೋಡೆಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಅಂದರೆ ಚಪ್ಪಟೆ. ಅದೇ ಗೋಡೆಗೆ ಹನ್ನೊಂದು ಗಂಟೆ ಹೊತ್ತಿಗೆ ಬಿಸಿಲು ಮೇಲಿನಿಂದ ಜಾರಿಕೊಂಡು ಬರುತ್ತದೆ, ಆಗ ತೆಗೆಯಿರಿ. ದಕ್ಷಿಣದ ಗೋಡೆಗೆ ಚಳಿಗಾಲದಲ್ಲಿ ಬೆಳಿಗ್ಗೆ ಒಂದು ಬದಿಯಿಂದ, ಸಂಜೆ ಇನ್ನೊಂದು ಬದಿಯಿಂದ ಸವರುವ ಬೆಳಕು ಸಿಗುತ್ತದೆ. ಪಶ್ಚಿಮದ ಗೋಡೆಗೆ ಮಧ್ಯಾಹ್ನ ಒಂದು, ಒಂದೂವರೆಯ ಬಿಸಿಲು. ಉತ್ತರದ ಗೋಡೆಗೆ ಡಿಸೆಂಬರಲ್ಲಿ ನೇರ ಬಿಸಿಲೇ ಇಲ್ಲ. ಅದಕ್ಕೆ ಮೇ ತಿಂಗಳಿಂದ ಜುಲೈವರೆಗೆ ಬರಬೇಕು. ಆಗ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ.

ಹಂಪಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ, 51 ಡಿಗ್ರಿ ಎತ್ತರದಲ್ಲಿ ದಕ್ಷಿಣಕ್ಕೆ ನಿಂತಿರುತ್ತಾನೆ. 'ಮಧ್ಯಾಹ್ನ ಫೋಟೊ ತೆಗೆಯಬಾರದು' ಅನ್ನುವ ಮಾತು ಏಪ್ರಿಲ್, ಮೇ ತಿಂಗಳಿಗೆ ಸರಿ. ಡಿಸೆಂಬರಿಗೆ ಅಲ್ಲ.

ಹಜಾರ ರಾಮದ ಒಳಗೋಡೆಯಲ್ಲಿ ರಾಮಾಯಣ ಸಾಲು ಸಾಲಾಗಿ ಇದೆ. ಹೊರಪ್ರಾಕಾರದ ಮೇಲೆ ಆನೆ, ಕುದುರೆ, ಸೈನಿಕರು, ಕುಣಿಯುವ ಹೆಂಗಸರು. ಒಳಗಿನ ಗೋಡೆಗೆ ಬೆಳಿಗ್ಗೆ ಪ್ರಾಕಾರದ್ದೇ ನೆರಳು ಅಡ್ಡ ಬರುತ್ತದೆ. ಬಿಸಿಲು ಸ್ವಲ್ಪ ಮೇಲೇರುವವರೆಗೆ ಹೊರಗಿನ ಸಾಲು ತೆಗೆಯಿರಿ, ಆಮೇಲೆ ಒಳಗೆ ಹೋಗಿ. ಇಡೀ ಗೋಡೆ ಒಂದೇ ಚಿತ್ರದಲ್ಲಿ ಬೇಡ. ಎರಡು ಕುದುರೆ, ಅವನ್ನು ಹಿಡಿದ ಒಂದು ಕೈ, ಅಷ್ಟು ಸಾಕು. ಸಾಲಿನಲ್ಲಿ ಎಲ್ಲ ಒಂದೇ ಕಡೆ ನಡೆಯುತ್ತಿರುತ್ತವೆ, ಅವು ನಡೆಯುವ ದಿಕ್ಕಿಗೆ ಸ್ವಲ್ಪ ಜಾಗ ಬಿಡಿ.

ಜನರ_ನಡುವೆ

ಬೆಳಕು, ದಿಕ್ಕು ಎಲ್ಲ ಸರಿ. ಒಪ್ಪುತ್ತೇನೆ. ಆದರೆ ಇದರಿಂದ ಸಿಗುವುದು ಒಂದು ಚಂದದ ಕ್ಯಾಲೆಂಡರ್ ಚಿತ್ರ ಅಂತ ನನ್ನ ಅನಿಸಿಕೆ. ಹಂಪಿ ಖಾಲಿ ಊರಲ್ಲ. ವಿರೂಪಾಕ್ಷದಲ್ಲಿ ಈಗಲೂ ದಿನವೂ ಪೂಜೆ ಇದೆ. ಸುತ್ತಲಿನ ಹಳ್ಳಿಗಳಿಂದ ಜನ ಟ್ರ್ಯಾಕ್ಟರಲ್ಲಿ ಬರುತ್ತಾರೆ, ನದಿಯಲ್ಲಿ ಮುಳುಗು ಹಾಕುತ್ತಾರೆ, ಮಂಟಪದ ಕೆಳಗೆ ರೊಟ್ಟಿ ಬುತ್ತಿ ಬಿಚ್ಚುತ್ತಾರೆ. ದೇವಸ್ಥಾನದ ಆನೆ ಬೆಳಿಗ್ಗೆ ಸ್ನಾನಕ್ಕೆ ನದಿಗೆ ಇಳಿಯುತ್ತದೆ. ಮದುವೆಯಾದ ಹೊಸ ಜೋಡಿಗಳು ಬಾಸಿಂಗ ಕಟ್ಟಿಕೊಂಡೇ ಬರುತ್ತಾರೆ. ಅದೆಲ್ಲ ಬಿಟ್ಟು ಬರೀ ಕಲ್ಲು ತೆಗೆದರೆ ಹಂಪಿಯ ಅರ್ಧವನ್ನೇ ಬಿಟ್ಟು ಬಂದ ಹಾಗೆ.

ನಾನು ಮಾಡುವುದು ಇಷ್ಟು. ಮೊದಲು ಒಂದು ಒಳ್ಳೆಯ ಹಿನ್ನೆಲೆ ಆರಿಸಿಕೊಳ್ಳುತ್ತೇನೆ. ಬೆಳಕು ಬಿದ್ದ ಒಂದು ಗೋಡೆ, ಎರಡು ಕಂಬದ ನಡುವಿನ ಜಾಗ, ಸ್ನಾನಘಟ್ಟದ ಮೆಟ್ಟಿಲು. ಅಲ್ಲೇ ಕೂತುಬಿಡುತ್ತೇನೆ. ಯಾರಾದರೂ ಬಂದೇ ಬರುತ್ತಾರೆ. ಜನರ ಹಿಂದೆ ಕ್ಯಾಮೆರಾ ಹಿಡಿದು ಓಡಿದರೆ ಹಿನ್ನೆಲೆ ಕೆಡುತ್ತದೆ, ಅವರಿಗೂ ಮುಜುಗರ.

ಮುಖ ಹತ್ತಿರದಿಂದ ತೆಗೆಯುವುದಾದರೆ ಕೇಳಿಯೇ ತೆಗೆಯಿರಿ. 'ಅಮ್ಮಾ, ಒಂದು ಫೋಟೊ ತೆಗೀಲಾ?' ಅಂದರೆ ನಮ್ಮ ಕಡೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ಕೈಮುಗಿದು ಮುಂದೆ ಹೋಗಿ. ಕೇಳಿದ ಕೂಡಲೇ ಅವರು ನೆಟ್ಟಗೆ ನಿಂತುಬಿಡುತ್ತಾರೆ, ಅದೊಂದು ತೆಗೆದು ತೋರಿಸಿ. ಆಮೇಲೆ ಮಾತಾಡುತ್ತಾ ಕೂತರೆ ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ಒಳ್ಳೆಯ ಚಿತ್ರ ಬರುವುದು ಆಗ.

ಕಲ್ಲುಬೆಳಕು

ನಿಮ್ಮ ಮಾತು ಸರಿಯಾಗಿದೆ. ನಾವಿಬ್ಬರೂ ಹೇಳುತ್ತಿರುವುದು ಒಂದೇ ಅನಿಸುತ್ತದೆ: ಮೊದಲು ಜಾಗ, ಆಮೇಲೆ ಕಾಯುವುದು. ನಾನು ಬೆಳಕಿಗೆ ಕಾಯುತ್ತೇನೆ, ನೀವು ಮನುಷ್ಯರಿಗೆ. ಎರಡೂ ಒಟ್ಟಿಗೆ ಸಿಕ್ಕ ದಿನ ಚಿತ್ರ ಸಿಗುತ್ತದೆ.

ಮನುಷ್ಯರು ಇನ್ನೊಂದು ಕಾರಣಕ್ಕೂ ಬೇಕು. ಹಂಪಿಯ ಬಂಡೆಗಳು ಎಷ್ಟು ದೊಡ್ಡವು ಅಂತ ಫೋಟೊದಲ್ಲಿ ತಿಳಿಯುವುದಿಲ್ಲ. ಬಂಡೆಯ ಬುಡದಲ್ಲಿ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಇದ್ದರೆ ಸಾಕು, ಅಳತೆ ಗೊತ್ತಾಗುತ್ತದೆ. ಆದರೆ ಆ ಮನುಷ್ಯ ಬಂಡೆಯ ಕಪ್ಪಿನ ಮೇಲೆ ಕರಗಿಹೋಗಬಾರದು. ಅವನ ಹಿಂದೆ ಆಕಾಶವೋ, ಬಿಸಿಲು ಬಿದ್ದ ನೆಲವೋ ಬರುವವರೆಗೆ ಕಾಯಬೇಕು, ಇಲ್ಲವೇ ನಾವು ಒಂದೆರಡು ಹೆಜ್ಜೆ ಸರಿಯಬೇಕು.

ಕಮಲಾಪುರದವ

ನಾನು ಇಲ್ಲೇ ಕಮಲಾಪುರದವನು. ನೀವೆಲ್ಲ ಡಿಸೆಂಬರ್, ಜನವರಿ ಅಂತೀರಿ. ನಮ್ಮೂರು ನೋಡಬೇಕಾದರೆ ಮಳೆಗಾಲದಲ್ಲಿ ಬನ್ನಿ. ಜುಲೈಯಿಂದ ಸೆಪ್ಟೆಂಬರ್. ಬಂಡೆ ನೆನೆದು ಕಪ್ಪಾಗಿರುತ್ತದೆ, ಸಂದಿಯಲ್ಲೆಲ್ಲ ಹಸಿರು, ಮೇಲೆ ಮೋಡ ಓಡುತ್ತಿರುತ್ತದೆ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ವಿಠ್ಠಲ ಗುಡಿ ಹತ್ತಿರದ ಪುರಂದರ ಮಂಟಪ ನೀರಲ್ಲಿ ಮುಳುಗುತ್ತದೆ. ಆಗ ಕೆಂಪು ನೀರು, ಅದರ ಮೇಲೆ ಬರೀ ಮಂಟಪದ ತಲೆ. ಆ ಹೊತ್ತಲ್ಲಿ ದಡಕ್ಕೆ ಹತ್ತಿರ ಹೋಗಬಾರದು, ದೂರದಿಂದಲೇ ತೆಗೆಯಬೇಕು. ನದಿಯ ಸೆಳೆತ ನೋಡಿದರೆ ಗೊತ್ತಾಗುವುದಿಲ್ಲ.

ಡಿಸೆಂಬರಿಗೂ ಒಂದು ಲಾಭ ಇದೆ. ನೀರು ಇಳಿದು ಬಂಡೆಗಳ ನಡುವೆ ನಿಂತಿರುತ್ತದೆ. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಎಂಟರೊಳಗೆ, ಹರಿಗೋಲು ದಾಟುವ ಕಡೆ ಹೋಗಿ. ಬಂಡೆ ಮತ್ತು ಅದರ ಪ್ರತಿಬಿಂಬ ಸೇರಿ ಒಂದೇ ಆಕಾರ ಆಗಿರುತ್ತದೆ. ಕ್ಯಾಮೆರಾ ಎಷ್ಟು ಕೆಳಗೆ ಹಿಡಿಯುತ್ತೀರೋ ಅಷ್ಟು ಚಂದ.

ಮತ್ತೆ, ಮಾತಂಗ ಬೆಟ್ಟಕ್ಕೆ ಕತ್ತಲಲ್ಲಿ ಒಬ್ಬೊಬ್ಬರೇ ಹತ್ತಬೇಡಿ. ಮೆಟ್ಟಿಲು ಕೆಲವು ಕಡೆ ಕಡಿದಾಗಿದೆ, ಇಬ್ಬನಿಗೆ ಜಾರುತ್ತದೆ. ಊರಿನ ಗೈಡ್ ಒಬ್ಬರನ್ನು ಹಿಂದಿನ ದಿನವೇ ಮಾತಾಡಿಸಿಕೊಳ್ಳಿ. ಟಾರ್ಚ್ ಇರಲಿ.

ಮಲೆನಾಡ_ಮಳೆ

ಇದೇ ಕೇಳಬೇಕು ಅಂತಿದ್ದೆ. ನಾನು ಒಬ್ಬಳೇ ಓಡಾಡುವವಳು. ಬೆಳಗಿನ ಜಾವ ಬೆಟ್ಟ ಹತ್ತುವುದು ಬೇಡ ಅನಿಸಿದರೆ ಹೇಮಕೂಟ ಹೇಗೆ?

ಕಮಲಾಪುರದವ

ಹೇಮಕೂಟ ಒಳ್ಳೇದು ಮೇಡಂ. ವಿರೂಪಾಕ್ಷ ಗುಡಿಯ ಪಕ್ಕಕ್ಕೇ ಇದೆ, ಇಳಿಜಾರು ಬಂಡೆ, ಹತ್ತುವುದು ಸುಲಭ, ಜನ ಓಡಾಡುತ್ತಿರುತ್ತಾರೆ. ಸಂಜೆಯಂತೂ ಸೂರ್ಯಾಸ್ತಕ್ಕೆ ತುಂಬಾ ಜನ.

ಕಲ್ಲುಬೆಳಕು

ಹೇಮಕೂಟದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಆ ಬೆಟ್ಟ ಗುಡಿಯ ದಕ್ಷಿಣಕ್ಕಿದೆ. ಅಲ್ಲಿಂದ ಗೋಪುರ ನೋಡುವಾಗ ಚಳಿಗಾಲದ ಸೂರ್ಯ ನಿಮ್ಮ ಬೆನ್ನ ಕಡೆಯೇ ಇರುತ್ತಾನೆ, ದಿನವಿಡೀ. ಬೆಳಿಗ್ಗೆ ಏಳೂವರೆ ಸುಮಾರಿಗೆ ಗೋಪುರದ ಪೂರ್ವಕ್ಕೆ ಬೆಳಕು, ದಕ್ಷಿಣಕ್ಕೆ ಅರೆನೆರಳು. ಆಗ ಗೋಪುರಕ್ಕೆ ಒಂದು ಮೈಕಟ್ಟು ಬರುತ್ತದೆ. ಮುಂದೆ ಹೇಮಕೂಟದ ಚಿಕ್ಕ ಗುಡಿಗಳ ಮೆಟ್ಟಿಲು ಮೆಟ್ಟಿಲಾದ ಶಿಖರ ಇಟ್ಟುಕೊಳ್ಳಿ. ವಿಜಯನಗರ ಕಟ್ಟುವ ಮುಂಚಿನ ಗುಡಿಗಳೂ ಅಲ್ಲಿವೆ. ಹತ್ತಿರದ್ದು ಹಳೆಯ ಶಿಖರ, ದೂರದ್ದು ಆಮೇಲಿನ ಗೋಪುರ. ಒಂದೇ ಚಿತ್ರದಲ್ಲಿ ಎರಡು ಕಾಲ ಬರುತ್ತದೆ. ಹೆಜ್ಜೆ ಎಡಕ್ಕೆ ಬಲಕ್ಕೆ ಇಟ್ಟು ಎರಡೂ ಒಂದನ್ನೊಂದು ಮುಟ್ಟದ ಹಾಗೆ ನಡುವೆ ಸ್ವಲ್ಪ ಆಕಾಶ ಬಿಡಿ.

ಸಂಜೆ ಅಲ್ಲಿದ್ದರೆ ಸೂರ್ಯ ಮುಳುಗಿದ ಕೂಡಲೇ ಎದ್ದು ಬರಬೇಡಿ. ನಮ್ಮ ಕಡೆ ಸೂರ್ಯ ಕಡಿದಾಗಿ ಇಳಿಯುತ್ತಾನೆ, ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ಕತ್ತಲೆ. ಆ ಸ್ವಲ್ಪ ಹೊತ್ತು ಆಕಾಶ ಮತ್ತು ಬಂಡೆಯ ಬೆಳಕು ಸಮ ಆಗುತ್ತದೆ. ಗೋಪುರದ ದೀಪ, ಊರಿನ ದೀಪ ಹತ್ತಿಕೊಳ್ಳುತ್ತವೆ. ಜನ ಎಲ್ಲ ಇಳಿದು ಹೋಗಿರುತ್ತಾರೆ.

ದಾವಣಗೆರೆ_ದಾರಿಹೋಕ

ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ. ಒಂದು, ಕಲ್ಲಿನ ರಥ ಪೂರ್ತಿ ಬಿಡಲೇಬೇಕಾ? ಮಕ್ಕಳು 50 ರೂಪಾಯಿ ನೋಟು ಹಿಡಿದುಕೊಂಡು 'ಇದೇ ನೋಡಬೇಕು' ಅಂತಿದ್ದಾರೆ. ಎರಡು, ಮಕ್ಕಳ ಜೊತೆ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕಾಯುವುದು ಹೇಗೆ?

ಕಲ್ಲುಬೆಳಕು

ರಥ ಬಿಡಬೇಡಿ. ಅದು ಬಿಡುವಂಥದ್ದಲ್ಲ. ಮೊದಲು ಅದೇನು ಅಂತ ತಿಳಿದು ನೋಡಿ. ಅದು ಗರುಡನ ಗುಡಿ, ವಿಠ್ಠಲನ ಎದುರಿಗೆ ಅವನ ಕಡೆ ಮುಖ ಮಾಡಿರುವುದು. ಮುಂದೆ ನಿಂತಿರುವ ಆನೆಗಳು ಆಮೇಲೆ ತಂದಿಟ್ಟವು. ಮೊದಲು ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲದ ಗುರುತು ಈಗಲೂ ಇದೆ. ಮಕ್ಕಳಿಗೆ ಅದನ್ನು ಹುಡುಕಲು ಹೇಳಿ. ಅವರು ಹುಡುಕುವುದನ್ನು ನೀವು ತೆಗೆಯಿರಿ. ಸುತ್ತ ತಡೆ ಹಾಕಿರುವುದರಿಂದ ಹೊರಗಿನಿಂದಲೇ.

ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರ ಇತ್ತು. ಅದು ಹೇಗೆ ಗೊತ್ತು? 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೊ ತೆಗೆದಿದ್ದ, ಅದರಲ್ಲಿ ಶಿಖರ ಕಾಣುತ್ತದೆ. ಮೇಣ ಹಚ್ಚಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳು. ಒಂದೊಂದು ಚಿತ್ರಕ್ಕೂ ಕ್ಯಾಮೆರಾ ಅಲ್ಲಾಡದೆ ಹೊತ್ತುಹೊತ್ತು ನಿಲ್ಲಬೇಕಿತ್ತು. ಸುಮ್ಮನೆ ಹತ್ತು ತೆಗೆದು ಒಂದು ಆರಿಸುವ ಮಾತೇ ಇರಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರಬೇಕು. ನೂರು ವರ್ಷಕ್ಕೂ ಹೆಚ್ಚು ಕಳೆದ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಯಾವ ಮಂಟಪ ಬಿದ್ದಿದೆ, ಯಾವ ಗಿಡ ಬೆಳೆದಿದೆ, ಎಲ್ಲ ಕಾಣುತ್ತದೆ. ನಿಂತ ಜಾಗ ಅಷ್ಟು ಸರಿಯಾಗಿ ಆರಿಸಿದ್ದರಿಂದಲೇ ಆ ಚಿತ್ರಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತಿವೆ. ಹೊರಡುವ ಮುಂಚೆ ಅವನ್ನು ಒಮ್ಮೆ ನೋಡಿಕೊಂಡು ಹೋಗಿ ಅಂತ ನನ್ನ ಆಸೆ. ನಮ್ಮ ಕಾಲದ ಎಷ್ಟೋ ಹಂಪಿ ಫೋಟೊಗಳಿಗಿಂತ ಅವು ಜಾಸ್ತಿ ಕಲಿಸುತ್ತವೆ.

ಕಾಯುವ ಪ್ರಶ್ನೆಗೆ ಉಳಿದವರು ಹೇಳಲಿ.

ಮೊಬೈಲ್‌ಕಣ್ಣು

ಮಕ್ಕಳ ಜೊತೆ ದಿನಕ್ಕೆ ಒಂದೇ ಜಾಗ ಆರಿಸಿಕೊಳ್ಳಿ. ಉಳಿದ ಹೊತ್ತು ಪೂರ್ತಿ ಅವರ ಜೊತೆ ಓಡಾಡಿ, ಸಿಕ್ಕಿದ್ದು ತೆಗೆಯಿರಿ. ಸಂಜೆ ಒಂದು ಗಂಟೆ ಮಾತ್ರ ನಿಮ್ಮದು ಅಂತ ಮೊದಲೇ ಹೇಳಿಬಿಡಿ. ಹೇಮಕೂಟದಲ್ಲಿ ಮಕ್ಕಳು ಬಂಡೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾರೆ, ಕೋತಿ ನೋಡುತ್ತಾರೆ. ತಿನ್ನುವ ಪೊಟ್ಟಣ ಮಾತ್ರ ಜೋಪಾನ, ಕೋತಿಗಳು ಕಿತ್ತುಕೊಳ್ಳುತ್ತವೆ.

ಮಕ್ಕಳಿಗೆ ವಿರೂಪಾಕ್ಷ ಗುಡಿಯ ಹಿಂಭಾಗದ ಆ ಕತ್ತಲೆ ಕೋಣೆ ತೋರಿಸಿ. ಗೋಡೆಯ ಒಂದು ಚಿಕ್ಕ ಕಿಂಡಿಯಿಂದ ಬೆಳಕು ಬಂದು ಎದುರಿನ ಗೋಡೆಯ ಮೇಲೆ ದೊಡ್ಡ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರ ಗೆರೆಯಲ್ಲಿ ಹೋಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಕ್ಯಾಮೆರಾ ಒಳಗೆ ನಡೆಯುವುದೂ ಇದೇ. ಫೋಟೊ ಅಂದರೆ ಏನು ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಜನರ_ನಡುವೆ

ಅಲ್ಲಿ ಯಾರಾದರೂ ಗೋಡೆಯ ಮುಂದೆ ಬಿಳಿ ಬಟ್ಟೆಯೋ ಕಾಗದವೋ ಹಿಡಿದರೆ ಇನ್ನೂ ಸ್ಪಷ್ಟ ಕಾಣುತ್ತದೆ. ಹಿಡಿದವರ ಕೈ, ಕಾಗದದ ಮೇಲೆ ಉಲ್ಟಾ ಗೋಪುರ. ಅದೇ ಒಂದು ಚಿತ್ರ ಅಲ್ವಾ? ಗರ್ಭಗುಡಿಯ ಕಡೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.

ಧಾರವಾಡ_ಪೇಠೆ

ಒಂದು ವಿಷಯ ಚರ್ಚೆಗೆ ಇಡುತ್ತೇನೆ. ಈಗ ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ಹಂಪಿಯ ಮೇಲೆ ಬೇರೆ ಯಾವುದೋ ಊರಿನ ಕೆಂಪು ಆಕಾಶ ಬಂದು ಕೂರುತ್ತದೆ. ಕಂಬದ ನೆರಳು ಎಡಕ್ಕೆ, ಸೂರ್ಯನೂ ಎಡಕ್ಕೆ. ಅದಕ್ಕೆ ಸಾವಿರಾರು ಲೈಕ್. ಇದು ಸರಿ ಅಂತೀರಾ?

ಕಲ್ಲುಬೆಳಕು

ನನಗೆ ಸರಿ ಅನಿಸುವುದಿಲ್ಲ. ಆ ಹೊತ್ತಿನ ಆಕಾಶ ಆ ಕಲ್ಲಿಗೆ ಬಣ್ಣ ಕೊಟ್ಟಿರುತ್ತದೆ. ಆಕಾಶ ಬದಲಿಸಿದರೆ ಕಲ್ಲೂ ಸುಳ್ಳಾಗುತ್ತದೆ. ಬೆಳಕು ಸ್ವಲ್ಪ ಏರಿಸುವುದು, ಇಳಿಸುವುದು, ಓರೆಯಾದದ್ದನ್ನು ನೆಟ್ಟಗೆ ಮಾಡುವುದು, ಕಪ್ಪುಬಿಳುಪು ಮಾಡುವುದು ಬೇರೆ. ಎಡಿಟಿಂಗ್ ಅಂದರೆ ಸಾರಿಗೆ ಹಾಕುವ ಒಗ್ಗರಣೆ. ಸಾರೇ ಬೇರೆ ಮನೆಯಿಂದ ತರುವುದಲ್ಲ.

ಆಕಾಶ ಬೆಳ್ಳಗೆ ಇದ್ದರೆ ಆಕಾಶವನ್ನೇ ಬಿಡಿ. ಕೆಳಗೆ ನೋಡಿ. ರಾಜಾಂಗಣದ ಮೆಟ್ಟಿಲು ಪುಷ್ಕರಣಿ ಇದೆಯಲ್ಲ, 1980ರ ದಶಕದ ಉತ್ಖನನದಲ್ಲಿ ಮೇಲೆ ಬಂದದ್ದು. ಕಪ್ಪು ಕಲ್ಲಿನ ಐದು ಹಂತ, ಪ್ರತಿ ಹಂತದಲ್ಲೂ ಚಿಕ್ಕ ಚಿಕ್ಕ ಮೆಟ್ಟಿಲುಗಳ ಸಾಲು. ಅಲ್ಲಿ ಗಡುಸು ಬಿಸಿಲೇ ಬೇಕು. ಒಂದೊಂದು ಮೆಟ್ಟಿಲಿಗೂ ಒಂದು ತ್ರಿಕೋನ ನೆರಳು ಬಿದ್ದು ಇಡೀ ಕೊಳ ಒಂದು ರಂಗೋಲಿಯಾಗುತ್ತದೆ. ಅಂಚುಗಳನ್ನೆಲ್ಲ ಬಿಟ್ಟು ಬರೀ ಮೆಟ್ಟಿಲು ತುಂಬುವ ಹಾಗೆ ಜೂಮ್ ಮಾಡಿ. ಮೇಲೆ ನಿಂತ ಜನ, ಕಂಬಿ, ಬೋರ್ಡು ಯಾವುದೂ ಬರುವುದಿಲ್ಲ.

ಕಪ್ಪುಬಿಳುಪು ಅಂದಾಗ ನೆನಪಾಯಿತು. ಪಕ್ಕದ ಸಂಡೂರಿನ ಎಂ. ವೈ. ಘೋರ್ಪಡೆಯವರು ನಮ್ಮ ರಾಜ್ಯದ ಹಣಕಾಸು ಮಂತ್ರಿ ಆಗಿದ್ದವರು, ಕಾಡುಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲೇ ತೆಗೆದು ದೇಶವಿದೇಶದಲ್ಲಿ ಹೆಸರು ಮಾಡಿದವರು. ಅವರ ಚಿತ್ರಗಳಲ್ಲಿ ಪ್ರಾಣಿ ಎಷ್ಟೋ ಸಲ ಚೌಕಟ್ಟಿನ ಚಿಕ್ಕ ಭಾಗ ಅಷ್ಟೇ. ಉಳಿದದ್ದು ಮರ, ಮಂಜು, ಬೆಳಕು. ಬಂಡೆ ತೆಗೆಯುವವರಿಗೂ ಅದರಲ್ಲಿ ಪಾಠ ಇದೆ. ಬಣ್ಣ ತೆಗೆದುಬಿಟ್ಟರೆ ಆಕಾರ ಮತ್ತು ನೆರಳು ಮಾತ್ರ ಉಳಿಯುತ್ತದೆ. ಫೋನನ್ನು ಕಪ್ಪುಬಿಳುಪಿಗೆ ಇಟ್ಟು ಒಂದು ಬೆಳಿಗ್ಗೆ ಪೂರ್ತಿ ಓಡಾಡಿ. ಯಾವ ಚಿತ್ರ ಬಣ್ಣದಿಂದ ಮಾತ್ರ ಚಂದ ಕಾಣುತ್ತಿತ್ತು ಅಂತ ಕೂಡಲೇ ಗೊತ್ತಾಗುತ್ತದೆ.

ಕಮಲಾಪುರದವ

ದಯವಿಟ್ಟು ಯಾರೂ ಫೋಟೊಗಾಗಿ ಮಂಟಪ, ಗೋಡೆ, ಕಂಬ ಹತ್ತಬೇಡಿ. 2019ರಲ್ಲಿ ಕೆಲವು ಹುಡುಗರು ಕಂಬ ತಳ್ಳಿ ಬೀಳಿಸಿದ ವಿಡಿಯೊ ಎಲ್ಲ ಕಡೆ ಬಂತು. ಕೋರ್ಟು ದಂಡ ಹಾಕಿತು, ಅವರಿಂದಲೇ ಆ ಕಂಬವನ್ನು ಎತ್ತಿ ನಿಲ್ಲಿಸಿತು. ನಮ್ಮ ಊರಿನವರಿಗೆ ಅದು ತುಂಬಾ ನೋವು ಕೊಟ್ಟ ವಿಷಯ. ಬೀಳಿಸುವುದು ದೂರ ಇರಲಿ, ಗಾರೆ ಮೇಲೆ ಶೂ ಇಟ್ಟು ಹತ್ತಿದರೂ ಅದು ಉದುರುತ್ತದೆ.

ಮಲೆನಾಡ_ಮಳೆ

ಚೌಕಟ್ಟಿನಿಂದ ಏನು ಬಿಡಬೇಕು ಅನ್ನುವುದನ್ನು ಇನ್ನೂ ಯಾರೂ ಬಿಡಿಸಿ ಹೇಳಿಲ್ಲ. ಮೂರನೇ ಒಂದು ಭಾಗದ ನಿಯಮ ಅಂತ ಎಲ್ಲ ಕಡೆ ಓದುತ್ತೇನೆ, ಅಂದರೆ ಮುಖ್ಯ ವಸ್ತುವನ್ನು ನಟ್ಟನಡುವೆ ಇಡದೆ ಚೌಕಟ್ಟಿನ ಮೂರನೇ ಒಂದು ಭಾಗದಷ್ಟು ಪಕ್ಕಕ್ಕೆ ಇಡಬೇಕು ಅನ್ನುವುದು. ಅದು ಹಂಪಿಯಲ್ಲಿ ಕೆಲಸ ಮಾಡುತ್ತಾ?

ಕಲ್ಲುಬೆಳಕು

ಕೆಲವು ಕಡೆ ಮಾಡುತ್ತದೆ, ಕೆಲವು ಕಡೆ ಇಲ್ಲ. ಬಜಾರು, ಗಜಶಾಲೆ, ಕಮಲ ಮಹಲ್ ಎಲ್ಲ ಎಡಬಲ ಸಮ ಇರುವ ಕಟ್ಟಡಗಳು. ಅವನ್ನು ಬೇಕಂತಲೇ ಪಕ್ಕಕ್ಕೆ ತಳ್ಳಿದರೆ ಅರ್ಧಂಬರ್ಧ ಕಾಣುತ್ತದೆ. ಸರಿಯಾಗಿ ನಡುವೆ ನಿಲ್ಲಿ. ನಡುವೆ ಅಂದರೆ ನಡುವೆಯೇ, ಒಂದು ಅಡಿ ಆಚೀಚೆ ಆದರೂ ಕಮಾನುಗಳ ಸಾಲು ಓರೆಯಾಗುತ್ತದೆ. ಬಂಡೆಗುಡ್ಡಗಳಿಗೆ ಆ ನಿಯಮ ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಅವುಗಳಿಗೆ ನಡು ಅನ್ನುವುದೇ ಇಲ್ಲ.

ಬಿಡುವ ವಿಷಯಕ್ಕೆ ನನ್ನದು ಒಂದೇ ಅಭ್ಯಾಸ. ಬಟನ್ ಒತ್ತುವ ಮುಂಚೆ ಕಣ್ಣು ನಡುವಿನ ವಸ್ತುವಿನಿಂದ ತೆಗೆದು ನಾಲ್ಕು ಅಂಚಿನ ಸುತ್ತ ಒಂದು ಸುತ್ತು ಓಡಿಸುತ್ತೇನೆ. ಅರ್ಧ ತಲೆ, ಕಸದ ಬುಟ್ಟಿ, ಕರೆಂಟ್ ತಂತಿ, ಬ್ಯಾಟರಿ ಗಾಡಿಯ ಹಿಂಭಾಗ, ಎಲ್ಲ ಅಲ್ಲೇ ಕೂತಿರುತ್ತವೆ. ಮುಕ್ಕಾಲು ಪಾಲು ಸಲ ಮಂಡಿಯೂರಿದರೆ ಸಾಕು, ಮುಂದಿನ ಒಂದು ಬಂಡೆಯೋ ಹುಲ್ಲೋ ಮೇಲೆದ್ದು ಅವನ್ನೆಲ್ಲ ಮುಚ್ಚಿಬಿಡುತ್ತದೆ. ಮಂಟಪದ ಎರಡು ಕಂಬದ ನಡುವಿನಿಂದ ಇಣುಕಿ ತೆಗೆಯುವುದು ಎಲ್ಲರೂ ಮಾಡುತ್ತಾರೆ. ಆ ಕಿಟಕಿಯ ಆಚೆ ಏನಾದರೂ ನಡೆಯುತ್ತಿದ್ದರೆ ಮಾತ್ರ ಅದಕ್ಕೆ ಅರ್ಥ. ಒಬ್ಬರು ನಡೆದು ಬರಲಿ, ಗೋಪುರದ ಗಿಳಿಗಳು ಒಟ್ಟಿಗೆ ಹಾರಲಿ.

ಧಾರವಾಡ_ಪೇಠೆ

ಬಾದಾಮಿಗೂ ಹೋಗುತ್ತೇವೆ ಅಂದಿರಲ್ಲ, ಅದರ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಕಡೆಯದು. ಹಂಪಿಯಿಂದ 140 ಕಿಲೋಮೀಟರ್ ಸುಮಾರು. ಅಲ್ಲಿ ಕಲ್ಲು ಬೇರೆ, ಕೆಂಪು ಮರಳುಗಲ್ಲು. ಸಂಜೆ ಬಿಸಿಲಿಗೆ ಉರಿಯುತ್ತದೆ. ಅಗಸ್ತ್ಯ ತೀರ್ಥದ ಪೂರ್ವ ತುದಿಗೆ ಭೂತನಾಥ ಗುಡಿ ಇದೆ, ಕೆರೆಯ ಕಡೆ ನೋಡುತ್ತದೆ. ಸಂಜೆ ಬೆಳಕು ಕೆರೆ ದಾಟಿ ನೇರ ಅದರ ಮೇಲೆ ಬೀಳುತ್ತದೆ. ಮಧ್ಯಾಹ್ನ ಗುಹೆಗಳನ್ನು ನೋಡಿಕೊಂಡು ನಾಲ್ಕರ ಹೊತ್ತಿಗೆ ಕೆರೆ ದಂಡೆಗೆ ಇಳಿಯಿರಿ. ಬಟ್ಟೆ ಒಗೆಯುವ ಸದ್ದು, ಮೆಟ್ಟಿಲ ಮೇಲೆ ಒಣಹಾಕಿದ ಬಣ್ಣಬಣ್ಣದ ಸೀರೆ, ಹಿಂದೆ ಕೆಂಪು ಬಂಡೆ. ಸಮಯ ಉಳಿದರೆ ಐಹೊಳೆಯ ದುರ್ಗ ಗುಡಿಯ ಸುತ್ತುಮೊಗಸಾಲೆ. ಬಿಸಿಲು ಓರೆಯಾದಾಗ ಕಂಬಗಳ ನೆರಳು ಒಳಗೋಡೆಯ ಶಿಲ್ಪಗಳ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತದೆ.

ದಾವಣಗೆರೆ_ದಾರಿಹೋಕ

ಎಲ್ಲ ಓದಿ ಒಂದು ಯೋಜನೆ ಮಾಡಿದ್ದೇನೆ. ಮೊದಲ ದಿನ ಸಂಜೆ ಹೇಮಕೂಟ. ಎರಡನೇ ದಿನ ಬೆಳಿಗ್ಗೆ ಗೈಡ್ ಜೊತೆ ನಾನೊಬ್ಬನೇ ಮಾತಂಗ, ಸೂರ್ಯನಿಗೆ ಬೆನ್ನು ಹಾಕಿ. ಹತ್ತರ ಮೇಲೆ ಎಲ್ಲರೂ ಹಜಾರ ರಾಮ, ಪುಷ್ಕರಣಿ, ಗಜಶಾಲೆ. ಸಂಜೆ ವಿಠ್ಠಲ ಗುಡಿ. ಮೂರನೇ ದಿನ ಬೆಳಿಗ್ಗೆ ನದಿ, ವಿರೂಪಾಕ್ಷ, ಆಮೇಲೆ ಬಾದಾಮಿ. ಸರಿಯಾಗಿದೆಯಾ? ಟ್ರೈಪಾಡ್ ತರಬಹುದಾ?

ಕಲ್ಲುಬೆಳಕು

ಎರಡನೇ ದಿನ ಒಂದು ಬದಲಾವಣೆ ಮಾಡಿಕೊಳ್ಳಿ. ಮಾತಂಗದಿಂದ ಇಳಿದು ತಿಂಡಿ ಮುಗಿಸಿ ಬೆಳಿಗ್ಗೆಯೇ ವಿಠ್ಠಲ ಗುಡಿಗೆ ಹೋಗಿ. ಡಿಸೆಂಬರಲ್ಲಿ ರಥದ ದಕ್ಷಿಣದ ಮೈಗೆ ಹೆಚ್ಚುಕಮ್ಮಿ ಇಡೀ ದಿನ ಬಿಸಿಲು ಇರುತ್ತದೆ, ಆ ಕಡೆಯಿಂದ ತೆಗೆದರೆ ಬೆಳಿಗ್ಗೆಯೂ ನಡೆಯುತ್ತದೆ. ಗರುಡನ ಬಾಗಿಲಿನ ಕಡೆ ಮಾತ್ರ ನೆರಳು. ಗಜಶಾಲೆಗೆ ಆ ಅವಕಾಶ ಇಲ್ಲ, ಅದಕ್ಕೆ ಸಂಜೆಯೇ ಆಗಬೇಕು. ಮಧ್ಯಾಹ್ನ ಹಜಾರ ರಾಮ, ಪುಷ್ಕರಣಿ, ಕೊನೆಗೆ ಗಜಶಾಲೆ.

ಕಮಲಾಪುರದವ

ಹಾಗೆ ಮಾಡಿದರೆ ಟಿಕೆಟ್ಟೂ ಉಳಿಯುತ್ತದೆ. ವಿಠ್ಠಲ ಗುಡಿಯಲ್ಲಿ ತಗೊಂಡ ಟಿಕೆಟ್ ಅದೇ ದಿನ ಕಮಲ ಮಹಲ್, ಗಜಶಾಲೆಗೂ ನಡೆಯುತ್ತದೆ. ಹರಿಯದೆ ಇಟ್ಟುಕೊಳ್ಳಿ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು, ಇಲ್ಲದಿದ್ದರೆ ಗೇಟಲ್ಲೇ ಇಡಿಸುತ್ತಾರೆ. ಡ್ರೋನ್ ತರಲೇಬೇಡಿ. ಗಜಶಾಲೆಯ ಆವರಣ ಸಂಜೆ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅಂತ ಬೆಳಿಗ್ಗೆ ಟಿಕೆಟ್ ತಗೊಳ್ಳುವಾಗಲೇ ಕೇಳಿಕೊಳ್ಳಿ. ಮುಚ್ಚುವುದಕ್ಕೆ ಒಂದು ಗಂಟೆ ಮುಂಚೆ ಅಲ್ಲಿ ಇದ್ದರೆ ನಿಮಗೆ ಬೇಕಾದ ಬಿಸಿಲು ಸಿಗುತ್ತದೆ.